ಎದುರು ಕಟ್ಟಡದಿಂದ ಬಂದ ಕೂ

ದೀಪಾವಳಿಯ ಮುಸ್ಸಂಜೆ. ವಿಯೆಟ್ನಾಮಿನ ದಾನಾಂಗ್ ನಗರದಲ್ಲಿ, ಮಗಳ ಮನೆಯ ಹನ್ನೊಂದನೇ ಮಹಡಿಯ ಬಾಲ್ಕನಿಯಲ್ಲಿ ಹಣತೆ ಹಚ್ಚಿಟ್ಟು, ಬಲಿಯೇಂದ್ರನನ್ನು ಕರೆಯಲು ಬಾಯಿ ತೆರೆದೆ. ಅಲ್ಲಿ ಯೋಗ ಕಲಿಸುವ ಮಗಳು ಓಡಿ ಬಂದು ಕೈ ಹಿಡಿದಳು.

"ಅಮ್ಮಾ, ಬೊಬ್ಬೆ ಹಾಕ್ಬೇಡ ಮಾರಾಯ್ತಿ! ಎಂತದೋ ಆಯ್ತು ಅಂತ ಅಕ್ಕಪಕ್ಕದವರು ಪೊಲೀಸರನ್ನು ಕರೀತಾರೆ."

"ಕರೀಲಿ. ಪಾತಾಳದಿಂದ ವರ್ಷಕ್ಕೊಮ್ಮೆ ಬರುವವ ಅವ. ಕೂಗದಿದ್ರೆ ಈ ಮನೆ ಅವನಿಗೆ ಹೇಗೆ ಗೊತ್ತಾಗುದು?"

ಕರಾವಳಿ ಕಡೆಯ ನಮ್ಮ ಸವಣೂರಿನಲ್ಲಿ ಕೂಗುವುದು ಗಂಡಸರು. ಇಲ್ಲಿ ಗಂಡಸರಿರಲಿಲ್ಲ. ನಾನೇ ಮೂರು ಸಲ "ಬಲಿಯೇಂದ್ರಾ, ಕೂ!" ಎಂದೆ. ಸ್ವರ ಸಮುದ್ರದ ಕಡೆಗೆ ತೇಲಿಹೋಯಿತು. ಊರಿನಲ್ಲಿ ಮೊದಲೆಲ್ಲ ಗದ್ದೆಯ ಆಚೆ ಮನೆಯಿಂದ ಮರುಕೂಗು ಬರುತ್ತಿತ್ತು. ಅದು ಬಂದರೆ ಬಲಿಯೇಂದ್ರನಿಗೆ ಕೇಳಿಸಿತು ಎಂದು ಲೆಕ್ಕ. ಈಗ ಅಲ್ಲಿ ಪಟಾಕಿ ಮಾತ್ರ. ಈ ಪರದೇಶದಲ್ಲಿ ಯಾರು ಮರುಕೂಗಬೇಕು?

ಎದುರು ಕಟ್ಟಡದ ಬಾಲ್ಕನಿಯಲ್ಲಿ ನನ್ನ ಪ್ರಾಯದ ಹೆಂಗಸೊಬ್ಬಳು ಒಣಗಿದ ಬಟ್ಟೆ ತೆಗೆಯುತ್ತಿದ್ದಳು. ನನ್ನನ್ನೇ ದಿಟ್ಟಿಸಿದಳು. ಬೈಯುತ್ತಾಳೆ ಎಂದುಕೊಂಡೆ. ಅವಳು ಬಟ್ಟೆಯನ್ನು ಹೆಗಲಿಗೆ ಹಾಕಿ, ಎರಡೂ ಕೈ ಬಾಯಿಗೆ ಹಿಡಿದು, "ಕೂ..." ಎಂದಳು. ಕೆಳಗಿನ ಬೀದಿಯ ದೀಪಗಳೆಲ್ಲ ಆ ಹೊತ್ತಿಗೆ, ಊರಿನಲ್ಲಿ ಬಲಿಯೇಂದ್ರನಿಗೆಂದು ಗದ್ದೆಯಲ್ಲಿ ನೆಡುವ ದೀಪಗಳಂತೆ ಕಂಡವು. ಮಗಳು ನನ್ನ ಕೈ ಬಿಟ್ಟಳು.

ಬಲಿಯೇಂದ್ರ ಬಂದನೋ ಇಲ್ಲವೋ, ನಾನು ಕಂಡವಳಲ್ಲ. ಊರಿಗೆ ಮರಳಿ ಗದ್ದೆಯ ಆಚೆ ಮನೆಯವರಿಗೆ ಇಷ್ಟೇ ಹೇಳಿದ್ದೇನೆ: "ಮುಂದಿನ ಸಲ ನಾನೇ ಕೂಗುದು. ಕೇಳಿದ್ರೆ ಒಂದು ಕೂ ಹೇಳಿ."