ಸಿಸ್ಟರಮ್ಮನ ಬಾಗಿಲಿಗೆ ಬಾರದ ಹಾಡು

ಭಾನುವಾರ ಸಂಜೆಯಾಯಿತೆಂದರೆ ಸಿಸ್ಟರಮ್ಮ ಕಿವಿಯ ಓಲೆ ಬಿಚ್ಚಿ ಸೆರಗಿನ ತುದಿಗೆ ಗಂಟು ಹಾಕಿಕೊಳ್ಳುತ್ತಿದ್ದರು. ಅವರು ಸಂಜೆ ಹೋಗುವ ಪೆಂತೆಕೊಸ್ತ ಸಭೆಯಲ್ಲಿ ಹೆಂಗಸರು ಒಡವೆ ಹಾಕುವುದಿಲ್ಲ. ಬೆಳಗಿನ ಕ್ಯಾಥೊಲಿಕ್ ಬಲಿಪೂಜೆಗೂ ಒಂಬತ್ತು ಗಂಟೆಯ ಪ್ರೊಟೆಸ್ಟೆಂಟ್ ಆರಾಧನೆಗೂ ಆ ಓಲೆಗಳು ಕಿವಿಯಲ್ಲೇ ಇರುತ್ತಿದ್ದವು. ನಮ್ಮ ವಾಡಿ ಊರಿನಲ್ಲಿ ಒಂದೇ ದಿನ ಮೂರು ಕಡೆ ಹೋಗುತ್ತಿದ್ದವರು ಅವರೊಬ್ಬರೇ. ಒಂಬತ್ತರ ಆರಾಧನೆಯಲ್ಲಿ ಪ್ರಾರ್ಥನೆ ಮುಗಿದಾಗ, ಬೆಳಗಿನ ಅಭ್ಯಾಸಕ್ಕೆ, ಕೈ ಶಿಲುಬೆಯ ಗುರುತು ಹಾಕಲು ಹಣೆಗೆ ಹೋಗಿಬಿಡುತ್ತಿತ್ತಂತೆ. ಇಲ್ಲಿ ಆ ರೂಢಿ ಇಲ್ಲವೆಂದು ಅರ್ಧದಲ್ಲಿ ನೆನಪಾಗಿ ಹಣೆ ಕೆರೆದುಕೊಂಡು ಸುಮ್ಮನಾಗುತ್ತಿದ್ದರು. ಇದನ್ನು ಅವರೇ ಹೇಳಿಕೊಂಡು ನಗುತ್ತಿದ್ದರು.

ಅವರ ಹೆಸರು ಸುಗುಣಮ್ಮ. ಶಹಾಬಾದಿನ ಆಸ್ಪತ್ರೆಯಲ್ಲಿ ನರ್ಸಾಗಿ ನಿವೃತ್ತರಾದವರು, ಹಾಗಾಗಿ ಓಣಿಗೆಲ್ಲ ಸಿಸ್ಟರಮ್ಮ. ರೈಲ್ವೆಯಲ್ಲಿದ್ದ ಗಂಡ ಬೇಗನೆ ತೀರಿಕೊಂಡಿದ್ದರು. ಮಕ್ಕಳಿರಲಿಲ್ಲ. ನಾನು ಪಕ್ಕದ ಮನೆಯ ಮಾಸ್ತರ, ಕೊರಳಲ್ಲಿ ಲಿಂಗ ಕಟ್ಟಿಕೊಂಡವನು. ನಮ್ಮ ಮನೆಯಲ್ಲಿ ಯಾರಿಗೆ ಜ್ವರ ಬಂದರೂ ಡಾಕ್ಟರಿಗಿಂತ ಮೊದಲು ಅವರ ಅಂಗೈ ಹಣೆಯ ಮೇಲಿರುತ್ತಿತ್ತು. ಬೈಯುತ್ತಲೇ ಆರೈಕೆ ಮಾಡುವ ಹೆಣ್ಣುಮಗಳು.

“ಊರ ಹುಡುಗರಿಗೆಲ್ಲ ಪಾಠ ಹೇಳ್ತೀರಿ ಮಾಸ್ತರ್ರ, ಒಂದ್ ಗ್ಲಾಸ್ ನೀರು ಕಾಸ್ಕೊಂಡು ಕುಡೀಲಿಕ್ಕಿ ಬರಲ್ಲೇನ್ರಿ?”

ಒಮ್ಮೆ ಕುತೂಹಲ ತಡೆಯದೆ ಕೇಳಿದೆ, “ಖರೇ ಅಂದ್ರ ನೀವು ಯಾವ ಚರ್ಚಿನವರ್ರಿ?”

“ನಮ್ಮವ್ವ ಚಿಮ್ಮನಚೋಡದಾಗ ನನಗ ಪ್ರಾರ್ಥನಾ ಕಲಿಸಿದಾಕಿ. ಆಕಿ ಈ ಒಂಬತ್ತು ಗಂಟಿ ಮಂದಿಯಾಕಿ. ಅನ್ನ ಹಾಕಿ ನರ್ಸಿಂಗ್ ಓದಿಸಿದವರು ಮುಂಜಾನಿ ಚರ್ಚಿನ ಮದರ್‌ಗಳು. ನಮ್ಮ ಮನಿಯವರು ಹೋದಾಗ ನನ್ನ ಬಾಜೂಕ ಕುಂತು ಅತ್ತವರು ಸಂಜಿ ಸಭೆಯವರು. ಯಾರನ್ನ ಬಿಡ್ಲಿ ಹೇಳ್ರಿ? ನಾ ಯೇಸುನ ಕಡಿಯಾಕಿ. ಅಷ್ಟ ಸಾಕು.”

ಅಷ್ಟು ಸಾಲುತ್ತಿರಲಿಲ್ಲ. ಅದು ಡಿಸೆಂಬರಿನಲ್ಲಿ ಗೊತ್ತಾಗುತ್ತಿತ್ತು. ಕ್ರಿಸ್ಮಸ್ಸಿನ ಮುಂಚಿನ ವಾರ ಒಂದೊಂದು ಚರ್ಚಿನ ಹುಡುಗ ಹುಡುಗಿಯರು ಡೋಲಕ್, ಗಿಟಾರ್ ಹಿಡಿದು ಸಂಜೆ ತಮ್ಮ ತಮ್ಮ ಸಭೆಯವರ ಮನೆಗಳಿಗೆ ಹಾಡಲು ಹೋಗುತ್ತಾರೆ. ಅವರಿಗೆಂದು ಸಿಸ್ಟರಮ್ಮ ಡಬ್ಬಿ ತುಂಬ ಕರ್ಚಿಕಾಯಿ ಕರಿದಿಟ್ಟು, ಬಂದವರು ಮೆಟ್ಟಿಲು ಎಡವದಿರಲೆಂದು ಹೊರಗಿನ ಬಲ್ಬು ಹಾಕಿ, ಚಾಪೆ ಹಾಸಿ ಕೂರುತ್ತಿದ್ದರು. ಯಾರೂ ಬರುತ್ತಿರಲಿಲ್ಲ. ಯಾರಿಗೂ ಅವರ ಮೇಲೆ ಸಿಟ್ಟಿರಲಿಲ್ಲ. ಬೆಳಗಿನವರು ಅವರನ್ನು ಒಂಬತ್ತರ ಚರ್ಚಿನವರೆಂದೂ, ಒಂಬತ್ತರವರು ಸಂಜೆಯ ಸಭೆಯವರೆಂದೂ, ಸಂಜೆಯವರು ಬೆಳಗಿನವರೆಂದೂ ತಿಳಿದುಕೊಂಡಿದ್ದರು. ಮೂರೂ ಕಡೆ ಬೀಗರನ್ನು ಕೂರಿಸಿಕೊಳ್ಳುವಂತೆ ಮರ್ಯಾದೆಯಿಂದ ಕೂರಿಸಿಕೊಳ್ಳುತ್ತಿದ್ದರು. ಹಬ್ಬದ ಮರುದಿನ ಡಬ್ಬಿ ನಮ್ಮ ಮನೆಗೆ ಬರುತ್ತಿತ್ತು. ಸಿಸ್ಟರಮ್ಮನ ಕೈ ಧಾರಾಳ ಎಂದುಕೊಂಡು ನಾವು ತಿನ್ನುತ್ತಿದ್ದೆವು.

ಒಂದು ವರ್ಷ ನನ್ನ ಹೆಂಡತಿ ಕೇಳಿದಳು, “ಒಬ್ಬರೇ ಇರ್ತೀರಿ, ಇಷ್ಟ್ಯಾಕ ಮಾಡ್ತೀರಿ?”

“ಹಾಡಾವ್ರು ಬರ್ತಾರಂತ ಮಾಡಿದ್ನೆವ್ವ.”

ನನಗೆ ತಡೆಯಲಾಗಲಿಲ್ಲ. “ಯಾವದರೆ ಒಂದ್ ಕಡಿ ಹೆಸರು ಹಚ್ಚಿಬಿಡ್ರಿ. ಆ ಹುಡುಗರರೆ ಬರ್ತಾರ.”

“ಒಂದ್ ಕಡಿ ಹಚ್ಚಿದ್ರ ಉಳದ ಎರಡ್ ಕಡಿ ನಾ ಹೊರಗಿನಾಕಿ ಆಗ್ತೀನಿ ಮಾಸ್ತರ್ರ.”

“ಈಗ ಮೂರೂ ಕಡಿ ಹೊರಗಿನವರ ಆಗೀರಲ್ರಿ.”

ಸಿಸ್ಟರಮ್ಮ ಡಬ್ಬಿಯ ಮುಚ್ಚಳ ಒತ್ತಿ ಹಾಕಿ, ನನ್ನ ಹೆಂಡತಿಯ ಕೈಗೆ ಕೊಟ್ಟು ಒಳಗೆ ಹೋದರು. ಯಾವ ಸಭೆಯ ಪಟ್ಟಿಯಲ್ಲೂ ಹೆಸರು ಹಚ್ಚಲಿಲ್ಲ.

ಅವರ ಕೊನೆಯ ಡಿಸೆಂಬರಿನಲ್ಲಿ ಹಾಡುವವರ ಒಂದು ಗುಂಪು ನಮ್ಮ ಓಣಿಯ ತಿರುವಿನಲ್ಲೇ ಹಾದುಹೋಯಿತು. ಸಿಸ್ಟರಮ್ಮ ಚಾಪೆಯಿಂದೆದ್ದು ಗೇಟಿನ ಹತ್ತಿರ ಬಂದು, ಅವರ ಹಾಡಿಗೆ ಸಣ್ಣ ದನಿಯಲ್ಲಿ ದನಿಗೂಡಿಸುತ್ತ ನಿಂತರು. ನಾನು ಆ ಹಾಡುವವರನ್ನು ಕರೆತರಲು ಹೊರಟೆ. ತೋಳು ಹಿಡಿದು ನಿಲ್ಲಿಸಿದರು.

“ಬ್ಯಾಡ್ರಿ. ಕರದ್ರ ಬರ್ತಾರ, ನನಗ ಗೊತ್ತದ. ತಾವಾಗೇ ಬರ್ಬೇಕಂತ ಭಾಳ ಆಸಿ ಅದ.”

ಹಾಡು ಕೇಳಿಸದಾದ ಮೇಲೂ ಅಲ್ಲೇ ನಿಂತಿದ್ದರು. ಅಷ್ಟು ಒಂಟಿಯಾಗಿ ನಿಂತ ಮನುಷ್ಯರನ್ನು ನಾನು ಮತ್ತೆ ನೋಡಿಲ್ಲ.

ಮುಂದಿನ ಮಳೆಗಾಲದಲ್ಲಿ ಜ್ವರ ಬಂದು ತೀರಿಕೊಂಡರು. ಮಣ್ಣಿಗೆ ಫಾದರೂ ಬಂದರು, ಇಬ್ಬರು ಪಾಸ್ಟರೂ ಬಂದರು. ಯಾರು ಪ್ರಾರ್ಥನೆ ಶುರುಮಾಡಬೇಕು ಎನ್ನುವ ಪ್ರಶ್ನೆ ಬಂತು. “ನಿಮ್ಮ ಸಭೆಯವರಲ್ಲೇನ್ರಿ?” ಎಂದು ಫಾದರ್ ಒಂಬತ್ತರ ಚರ್ಚಿನ ಪಾಸ್ಟರನ್ನು ಮೆಲ್ಲಗೆ ಕೇಳಿದರು. “ಅಲ್ರಿ, ನಾವು ಇವರ ಕಡಿಯವರಂತ ತಿಳ್ಕೊಂಡಿದ್ದಿವಿ” ಎಂದು ಅವರು ಸಂಜೆಯ ಪಾಸ್ಟರ ಕಡೆ ತಿರುಗಿದರು. ಸಂಜೆಯ ಪಾಸ್ಟರು ಫಾದರ್ ಮುಖ ನೋಡಿದರು. ಕಡೆಗೆ ಮೂವರೂ ಒಬ್ಬರಾದ ಮೇಲೊಬ್ಬರು ಪ್ರಾರ್ಥಿಸಿದರು. ಬಲ್ಬು, ಚಾಪೆ, ಕರ್ಚಿಕಾಯಿ, ಎಲ್ಲವನ್ನೂ ನಾನು ಅಲ್ಲೇ ಹೇಳಿಬಿಟ್ಟೆ. ಸಿಟ್ಟಿನಿಂದಲೇ ಹೇಳಿದೆ.

ಆ ವರ್ಷ ಡಿಸೆಂಬರಿನಲ್ಲಿ ಹಾಡುವವರು ಬಂದರು. ಯಾರೂ ಕರೆದಿರಲಿಲ್ಲ. ಮೂರೂ ಚರ್ಚಿನ ಹುಡುಗರು ಒಟ್ಟಾಗಿ ಬಂದು ಬೀಗ ಹಾಕಿದ ಮನೆಯ ಮುಂದೆ ನಿಂತು ಹಾಡಿದರು. ಮಬ್ಬುಗತ್ತಲೆಯಲ್ಲಿ ಒಬ್ಬ ಹುಡುಗಿ ಮೆಟ್ಟಿಲು ಎಡವಿದಳು. ಸೇಡಮ್ಮಿನಲ್ಲಿರುವ ಸಿಸ್ಟರಮ್ಮನ ತಮ್ಮನ ಮಗಳು ಕೀಲಿಯನ್ನು ನಮ್ಮಲ್ಲೇ ಬಿಟ್ಟುಹೋಗಿದ್ದಳು. ನಾನು ಹೋಗಿ ಬೀಗ ತೆಗೆದು ಹೊರಗಿನ ಬಲ್ಬು ಹಾಕಿದೆ.

ಹಾಡು ಮುಗಿಯಿತು. ಎಲ್ಲ ಮನೆಗಳ ಮುಂದೆ ನಿಲ್ಲುವ ಹಾಗೆ, ಮನೆಯವರು ಹೊರಗೆ ಬರಲಿ ಎಂದು, ಅವರು ಸ್ವಲ್ಪ ಹೊತ್ತು ನಿಂತೇ ಇದ್ದರು.