ಟೀಚರ್ ಹಾಕಿದ ಸಕ್ಕರೆ

ಗೋಕಾಕ ಫಾಲ್ಸಿನಲ್ಲಿ ಇಂಗ್ಲಿಷ್ ಟ್ಯೂಷನ್ ಹೇಳುವ ದಾಕ್ಷಾಯಿಣಿ ಟೀಚರ್ ಎಂದರೆ ಸುತ್ತಲಿನ ಹಳ್ಳಿಗಳಲ್ಲಿ ಬಲು ಮರ್ಯಾದೆ. ಕೂಸಿಗೆ ಹೆಸರಿಡುವುದಿರಲಿ, ಹೆಣ್ಣು ತೋರಿಸುವುದಿರಲಿ, ಅವರು ಬಂದು ಕೂತರೆ ಕೆಲಸ ಸಾಂಗವಾಯಿತೆಂದೇ ಲೆಕ್ಕ. ಟೀಚರಿಗೂ ಅದು ರೂಢಿಯಾಗಿತ್ತು. ಸುಳ್ಳೇಕೆ, ರುಚಿಯೂ ಹತ್ತಿತ್ತು.

ಹಾಗೆಯೇ ಮಮದಾಪುರದ ಶಿದ್ರಾಮನ ಮನೆಗೂ ಹೋದರು. ಅವನ ಮಗಳು ಮಾಯಾ ಇವರ ಬಳಿಯೇ ಕಲಿಯುವವಳು; ನಿಡಸೋಸಿಯ ಇಂಜಿನಿಯರಿಂಗ್ ಕಾಲೇಜಿಗೆ ಹೋಗಿಯೇ ತೀರುತ್ತೇನೆಂದು ಹಟ ಹಿಡಿದಿದ್ದಳು. ಅಂದು ಅವಳನ್ನು ನೋಡಲು ಮೂಡಲಗಿಯಿಂದ ಗಂಡಿನ ಕಡೆಯವರು ಬಂದಿದ್ದರು. ಅವರಲ್ಲಿ ಪದ್ಧತಿಯೊಂದಿದೆ: ಹಿರಿಯಳೊಬ್ಬಳು ಹುಡುಗಿಯ ಬಾಯಿಗೆ ಸಕ್ಕರೆ ಹಾಕಬೇಕು, ಹುಡುಗಿ ನುಂಗಿದಳೆಂದರೆ ಒಪ್ಪಿದಂತೆ. ಸಕ್ಕರೆ ತಟ್ಟೆ ಟೀಚರ್ ಕೈಗೆ ಬಂತು. ಮಾಯಾ ತುಟಿ ಬಿಗಿಹಿಡಿದು ಅವರ ಮುಖವನ್ನೇ ನೋಡಿದಳು. ಟೀಚರಿಗೆ ತಿಳಿಯಲಿಲ್ಲವೇ? ಚೆನ್ನಾಗಿಯೇ ತಿಳಿಯಿತು. ಆದರೆ ಮನೆ ತುಂಬ ಜನ, ಎಲ್ಲರ ಕಣ್ಣೂ ತಮ್ಮ ಮೇಲೆ. ಚಿಟಿಕೆ ಸಕ್ಕರೆಯನ್ನು ಆ ತುಟಿಗೆ ಒತ್ತಿಯೇ ಬಿಟ್ಟರು. ಮಾಯಾ ಬಾಯಿ ತೆರೆದು ನುಂಗಿದಳು.

ಮುಂದಿನ ಸೋಮವಾರ ಟ್ಯೂಷನ್ನಿನಲ್ಲಿ ರಿಸೀವ್ ಮತ್ತು ಅಕ್ಸೆಪ್ಟ್ ಪಾಠ. ಕೈಗೆ ಬಂದು ಸೇರಿದ್ದು ಒಂದು, ಮನಸ್ಸು ಒಪ್ಪಿ ತೆಗೆದುಕೊಂಡದ್ದು ಇನ್ನೊಂದು, ಎರಡನ್ನೂ ಕಲಸಬೇಡಿ ಎಂದು ಬಿಡಿಸಿ ಹೇಳಿ, ಎಲ್ಲರನ್ನೂ ಒಂದೊಂದು ಉದಾಹರಣೆ ಕೇಳಿದರು. ಮಾಯಾಳ ಸರದಿ ಬಂತು.

“ಸಕ್ಕರಿ ರಿಸೀವ್ ಮಾಡೇನ್ರಿ, ಟೀಚರ್,” ಎಂದು ಹೇಳಿ ಕೂತಳು.

ಟೀಚರ್ ಜೀವ ಹಿಡಿಯಷ್ಟಾಯಿತು. ಊರಿಗೆಲ್ಲ ಬುದ್ಧಿ ಹೇಳುವವಳು ನಾನು, ಎಂಥ ಕೆಲಸ ಮಾಡಿಬಿಟ್ಟೆನಪ್ಪಾ ಎಂದು ಒಳಗೊಳಗೇ ಬೆಂದರು. ಮರುದಿನವೇ ಶಿದ್ರಾಮನ ಮನೆಗೆ ಹೋಗಿ, ಹುಡುಗಿ ಒಪ್ಪಿರಲಿಲ್ಲ, ಗೊತ್ತಿದ್ದೂ ಒತ್ತಿದವಳು ನಾನು, ಮೂಡಲಗಿಯವರಿಗೂ ನಾನೇ ಹೇಳುತ್ತೇನೆ ಎಂದರು. ಶಿದ್ರಾಮ ಮುಖ ತಿರುಗಿಸಿದ. ಅವನ ಹೆಂಡತಿ ಶೆಟ್ಟೆವ್ವ ಬಾಗಿಲ ತನಕ ಬಂದು ಮೆಲ್ಲಗೆ ಅಂದಳು:

“ಆಕಿ ಬಾಯಿ ತೆರದದ್ದು ಸಕ್ಕರಿಗಲ್ರಿ. ನಿಮ್ಮ ಕೈ ಅಂತ ತೆರದ್ಲು.”

ಮೂಡಲಗಿಯವರು ಬಾಯಿಗೆ ಬಂದಂತೆ ಬೈದು ಸಂಬಂಧ ಮುರಿದರು. ಟೀಚರ್ ತಲೆ ತಗ್ಗಿಸಿ ಅಷ್ಟೂ ಕೇಳಿಸಿಕೊಂಡರು. ಆಮೇಲೆ ಯಾರು ಕರೆದರೂ ಅಂಥ ಕಾರ್ಯಕ್ಕೆ ಹೋಗಲಿಲ್ಲ.

ಮಾಯಾ ನಿಡಸೋಸಿಗೆ ಹೊರಟ ದಿನ ಟೀಚರ್ ಬಸ್ ಸ್ಟ್ಯಾಂಡಿಗೆ ಬಂದು, ಅವಳ ಕೈ ಹಿಡಿದು, ನನ್ನಿಂದ ತಪ್ಪಾಯಿತವ್ವಾ ಎಂದರು.

“ಆತ್ರಿ,” ಎಂದು ಮಾಯಾ ಬಸ್ ಹತ್ತಿದಳು.

ಅದು ರಿಸೀವೋ ಅಕ್ಸೆಪ್ಟೋ ಎಂದು ಕೇಳುವ ಧೈರ್ಯ ಟೀಚರಿಗೆ ಬರಲಿಲ್ಲ.