ಕಡಲೆಬೀಜವಿಲ್ಲದ ಮಂಡಕ್ಕಿ

ಅಜ್ಜಂಪುರದ ನಮ್ಮ ಮೈಕ್‌ಸೆಟ್ಟಿನವರು ವೈರು ಸುತ್ತುತ್ತಲೇ ರಾಕ್ ಸಂಗೀತದವರ ಕಥೆ ಹೇಳುತ್ತಿದ್ದರು. ಶುರು ಯಾವಾಗಲೂ ಒಂದೇ: "ಇದು ಯಾರ್ಗೂ ಗೊತ್ತಿಲ್ಲ ಕಣ್ರೀ."

ಅಮೆರಿಕದ ಒಂದು ರಾಕ್ ಬ್ಯಾಂಡು, ತನಗಿಡುವ ಮಿಠಾಯಿಯಲ್ಲಿ ಕಂದು ಬಣ್ಣದ್ದು ಒಂದೂ ಇರಕೂಡದೆಂದು ಕರಾರಿನ ನಡುವೆ ಬರೆಸುತ್ತಿತ್ತಂತೆ. ಕಂದು ಮಿಠಾಯಿ ಕಂಡಿತೋ, ಕರಾರನ್ನು ಯಾರೂ ಓದಿಲ್ಲ, ವೈರಿಂಗೂ ನೆಟ್ಟಗಿರಲಾರದು ಎಂದು ಅರ್ಥ.

ಈ ಕಥೆ ಅವರಿಗೆ ಎಷ್ಟು ಹಿಡಿಸಿತೆಂದರೆ, ಮದುವೆ ಮನೆಗಳಿಗೆ ವಾಟ್ಸಾಪಿನಲ್ಲಿ ಕಳಿಸುವ ಪಟ್ಟಿಯಲ್ಲಿ 'ಅರ್ಥಿಂಗ್ ಮಾಡಿಸಿರಬೇಕು' ಎಂಬುದರ ಕೆಳಗೆ 'ನಮಗೆ ಕೊಡುವ ಮಂಡಕ್ಕಿಯಲ್ಲಿ ಕಡಲೆಬೀಜ ಇರಬಾರದು' ಎಂದು ಸೇರಿಸಿದರು.

ಬುಕ್ಕಾಂಬುಧಿಯಲ್ಲಿ ನನ್ನ ತಂಗಿಯ ಮದುವೆಗೆ ಮೈಕ್‌ಸೆಟ್ಟು ಹಾಕಲು ಬಂದ ಅವರು ಮೊದಲು ಮಂಡಕ್ಕಿ ತರಿಸಿ ಬೆರಳಾಡಿಸಿದರು. ಒಂದು ಬೀಜವೂ ಇರಲಿಲ್ಲ. ತೃಪ್ತಿಯಿಂದ ತಲೆಯಾಡಿಸಿ ಆಂಪ್ಲಿಫೈಯರ್ ಮುಟ್ಟಿದರು. ಶಾಕ್ ಹೊಡೆದು ಬಾಳೆಕಂಬದ ಬುಡದಲ್ಲಿ ಕೂತುಬಿಟ್ಟರು.

"ಅರ್ತಿಂಗ್ ಮಾಡ್ಸಿಲ್ವೇನಪ್ಪಾ?" ಎಂದು ನನ್ನನ್ನು ಕೇಳಿದರು.

ಉತ್ತರ ಕೊಟ್ಟದ್ದು ಮೊರ ಹಿಡಿದು ಬಂದ ನಮ್ಮ ಚಿಕ್ಕಮ್ಮ. "ಎಲ್ಲಿ ಪುರುಸೊತ್ತು ಕಣಪ್ಪಾ? ಬೆಳಿಗ್ಗೆಯಿಂದ ಮನೆಮಂದಿಯೆಲ್ಲ ಬೀಜ ಆರಿಸ್ತಾ ಕೂತಿದ್ವಲ್ಲ."

ಮೈಕ್‌ಸೆಟ್ಟಿನವರು ಆ ಮೊರದಿಂದ ಒಂದು ಹಿಡಿ ಬೀಜ ತೆಗೆದು ಬಾಯಿಗೆ ಹಾಕಿಕೊಂಡರು. ನಿಧಾನವಾಗಿ ಅಗಿದು ಹೇಳಿದರು: "ಇದು ಆ ಬ್ಯಾಂಡಿನೋರ್ಗೂ ಗೊತ್ತಿಲ್ಲ ಕಣ್ರೀ."